ಮೂಲೆಯಲ್ಲಿ ಖಾಲಿ ನಿಂತವಳು

“ಗಗನ, ನೀನು ಕೂತ್ಕೊ. ಮೊದ್ಲು ಜಬೀನ್ ಇಳೀಲಿ,” ಎಂದರು ಕೋಚ್ ರಾಜೇಂದ್ರ.

ಗಗನ ಆಗಲೇ ಶೂ ಲೇಸು ಬಿಗಿದು ಎದ್ದು ನಿಂತಿದ್ದಳು. ಮಂಡ್ಯದ ಆ ಬ್ಯಾಸ್ಕೆಟ್‌ಬಾಲ್ ಕ್ಲಬ್ಬು ಸೇರಿದ ಮೇಲೆ ಮೊದಲ ಐವರಲ್ಲಿ ಅವಳಿಲ್ಲದ ಪಂದ್ಯವೇ ಇರಲಿಲ್ಲ. ಆರಡಿ ದಾಟಿದ ಹುಡುಗಿ. ರಿಂಗಿನ ಕೆಳಗೆ ಚೆಂಡು ಹಿಡಿದು, ಒಂದು ಸಲ ತಿರುಗಿ ಮೇಲಕ್ಕೆ ಹಾಕುವುದು ಅವಳ ಆಟ.

“ಯಾಕೆ ಸಾರ್?”

“ಈಗಿನ ಆಟನೇ ಬೇರೆ ಕಣಮ್ಮ. ಐದೂ ಜನ ಓಡ್ಬೇಕು, ಐದೂ ಜನ ದೂರದಿಂದ ಹಾಕ್ಬೇಕು. ನೀನು ರಿಂಗಿನ ಕೆಳಗೇ ನಿಂತ್ರೆ ಮಿಕ್ಕೋರು ಒಳಕ್ಕೆ ನುಗ್ಗೋಕೆ ದಾರಿ ಎಲ್ಲದೆ?”

ಗಗನ ಬೆಂಚಿನ ಮೇಲೆ ಕೂತಳು. ಜಬೀನ್ ಮಳವಳ್ಳಿಯ ಸ್ಕೂಟರ್ ಮೆಕ್ಯಾನಿಕ್ ಇಲ್ಯಾಸನ ಮಗಳು. ಕ್ಲಬ್ಬು ಸೇರಿ ಇನ್ನೂ ವರ್ಷ ತುಂಬಿರಲಿಲ್ಲ; ನಿಂತರೆ ಗಗನಳ ಭುಜಕ್ಕೆ ಬರುತ್ತಿದ್ದಳು. ಅಂಥವಳು ಮೂರು ಅಂಕದ ಗೆರೆಯಾಚೆ ನಿಂತು ಎಸೆದ ಚೆಂಡು ರಿಂಗನ್ನು ಮುಟ್ಟದೆ ಬಲೆಯೊಳಗಿಳಿಯಿತು. ಜನ ಶಿಳ್ಳೆ ಹಾಕಿದರು. ಗಗನ ಕೈ ತಟ್ಟಿದಳು, ಎಲ್ಲರೂ ತಟ್ಟುತ್ತಿದ್ದರಲ್ಲ ಎಂದು. ಜಬೀನಳ ಕೈಗೆ ಮತ್ತೆ ಚೆಂಡು ಬಂದಾಗ ‘ತಪ್ಪಲಿ’ ಎಂದುಕೊಂಡಳು. ಅದೂ ಬಿತ್ತು.

ಹೊಳಲು ಊರಿನ ಮನೆಯಲ್ಲಿ ಗಗನಳ ಅವ್ವ ಪಟ್ಟಲಮ್ಮ, “ಇಷ್ಟುದ್ದ ಎಣ್ಗೆ ಗಂಡ ಎಲ್ಲಿಂದ ತರನೆ?” ಎಂದು ಬಂದವರೆದುರೆಲ್ಲ ಹೇಳುತ್ತಿದ್ದಳು. ನೋಡಲು ಬಂದ ಗಂಡುಗಳು ಅವಳು ಎದ್ದು ನಿಂತೊಡನೆ ಕಾಫಿ ಲೋಟ ಕೆಳಗಿಡುತ್ತಿದ್ದರು. ಅವಳ ಉದ್ದವನ್ನು ಮೆಚ್ಚಿ ಕರೆದ ಒಂದೇ ಜಾಗ ಈ ಕೋರ್ಟು. ಈಗ ಇಲ್ಲಿಯೂ ಅದು ಬೇಡವಾಗಿತ್ತು. ಬೇಡವಾಗಿಸಿದವಳು ಎಣ್ಣೆ ಹಾಕಿ ಬಿಗಿದ ಜಡೆ ಕುಣಿಸುತ್ತ ಓಡುತ್ತಿದ್ದಳು.

ಸೆಮಿಫೈನಲ್‌ನ ಎದುರಾಳಿ ಮೈಸೂರಿನ ತಂಡದಲ್ಲೂ ಒಬ್ಬಳು ಎತ್ತರದವಳಿದ್ದಳು. ಆಟ ಮುಗಿಯುತ್ತ ಬಂದಂತೆ ರಿಂಗಿಗೆ ಬಡಿದು ಮರಳಿದ ಚೆಂಡೆಲ್ಲ ಅವಳ ಪಾಲಾಗತೊಡಗಿತು. ಮಂಡ್ಯ ಗಳಿಸಿದ್ದ ಮುನ್ನಡೆ ಕರಗಿ, ಕೊನೆಗೆ ಮೈಸೂರೇ ಒಂದು ಅಂಕ ಮುಂದಾಯಿತು.

“ಗಗನ, ಇಳಿ!” ಎಂದು ಕೂಗಿದರು ರಾಜೇಂದ್ರ.

ಕೊನೆಯ ಗಳಿಗೆಯಲ್ಲಿ ರಿಂಗಿನ ಕೆಳಗಿದ್ದ ಗಗನಳಿಗೆ ಚೆಂಡು ಕೊಟ್ಟವಳು ಜಬೀನಳೇ. ಕೊಟ್ಟವಳು ಮೂಲೆಗೆ ಓಡಿ ಎರಡೂ ಕೈ ಎತ್ತಿದಳು. ಎದುರಾಳಿಗಳಿಬ್ಬರು ಗಗನಳನ್ನು ಅಮುಕಿ ನಿಂತಿದ್ದರು. ಜಬೀನಳ ಸುತ್ತ ಯಾರೂ ಇರಲಿಲ್ಲ.

“ಅಕ್ಕಾ!”

ಗಗನ ನೋಡಿದಳು. ನೋಡಿ, ಇಬ್ಬರ ನಡುವೆಯೇ ತಿರುಗಿ ಚೆಂಡೆಸೆದಳು. ಅದು ರಿಂಗಿನ ಮೇಲೆ ಕುಣಿದು, ಆಚೆಗೆ ವಾಲಿ, ಒಳಕ್ಕೆ ಬಿತ್ತು. ಆಟ ಮುಗಿದ ಸೀಟಿ ಮೊಳಗಿತು; ಮಂಡ್ಯ ಒಂದು ಅಂಕದಿಂದ ಗೆದ್ದಿತು.

ಹುಡುಗಿಯರು ಅವಳನ್ನು ಮುತ್ತಿಕೊಂಡರು. ರಾಜೇಂದ್ರ ಬೆನ್ನು ತಟ್ಟಿದರು. “ಹಳೇ ಆಟನೂ ಬೇಕು ಕಣಮ್ಮ. ನಾಳೆ ಫೈನಲ್‌ಗೆ ನೀನೇ ಮೊದ್ಲು. ಜಬೀನ್, ನೀನು ಆಮೇಲೆ ಇಳಿ.”

“ಆಯ್ತು ಸಾರ್,” ಎಂದಳು ಜಬೀನ್. ಅವಳ ಮುಖ ಬಾಡುವುದನ್ನು ನೋಡಲು ಗಗನ ಕಾದಳು. ಬಾಡಲಿಲ್ಲ.

ಉಳಿದವರು ಟೀ ಕುಡಿಯಲು ಹೋದ ಮೇಲೆ ಜಬೀನ್ ಹತ್ತಿರ ಬಂದಳು.

“ಅಕ್ಕ, ನಾನ್ ಮೂಲೇಲಿ ಖಾಲಿ ನಿಂತಿದ್ದೆ. ಕಾಣ್ನಿಲ್ವಾ?”

“ಇಲ್ಲ ಕಣೆ.”

“ಓಗ್ಲಿ ಬುಡಿ, ಬಿತ್ತಲ್ಲ! ಅಂಗ್ ತಿರುಗೋದ ನಂಗೂ ಏಳ್ಕೊಡಿ. ನಮ್ಮೂರ್ ಬಸ್ಸಿಗೆ ಇನ್ನೂ ಟೈಮದೆ.”

ಗಗನಳ ಒಪ್ಪಿಗೆಗೂ ಕಾಯದೆ ಜಬೀನ್ ಚೆಂಡು ಹಿಡಿದು ಅವಳಿಗೆ ಬೆನ್ನು ಮಾಡಿ ನಿಂತಳು. “ಇಂಗಾ ಅಕ್ಕ?” ಎನ್ನುತ್ತ ಹಿಂದಕ್ಕೆ ಒತ್ತಿದಳು. ಹಗುರವಾದ, ಬೆವರಿದ ಬೆನ್ನು. ನಗುತ್ತ ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ. ಗಗನ ಎರಡೂ ಪಾದಗಳನ್ನು ನೆಲಕ್ಕೂರಿ ನಿಂತೇ ಇದ್ದಳು. ಒಂದು ಬೆರಳಿನಷ್ಟೂ ಹಿಂದೆ ಸರಿಯಲಿಲ್ಲ.