ಹತ್ತಕ್ಕೆ ಎಷ್ಟು, ಮೇಷ್ಟ್ರೇ?

ಅಪ್ಪನಿಗೆ ಯಾವ ಆರೈಕೆ ಮನೆ ಒಳ್ಳೆಯದು ಎಂದು ನೋಡಿ ಗೊತ್ತುಮಾಡುವ ಕೆಲಸ ನನ್ನ ತಲೆಗೆ ಬಂತು. ಅಣ್ಣ ಬೇರೆ ಊರಿನಲ್ಲಿ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದಾನೆ. ತಂಗಿ ಇನ್ನೂ ದೂರ, ಮೇಲಾಗಿ ತುಂಬಿದ ಬಸುರಿ. ನಾನು ಅಪ್ಪ ಇರುವ ಊರಲ್ಲೇ ಇದ್ದೇನೆ. ಅದೊಂದೇ ನನ್ನ ಅರ್ಹತೆ.

"ನೀನು ಕನ್ನಡಕದ ಅಂಗಡೀಲಿ ಕೆಲಸ ಮಾಡೋಳು. ನಿಂಗೆ ಎಲ್ಲಾ ಸರಿಯಾಗಿ ಕಾಣುತ್ತೆ ಬಿಡು," ಎಂದ ಅಣ್ಣ. ಹೊಗಳಿದನೋ ಹೊರೆ ಹೊರಿಸಿದನೋ ತಿಳಿಯಲಿಲ್ಲ. ಅವನ ಹೊಗಳಿಕೆಗೆಲ್ಲ ಬಾಲದಲ್ಲಿ ಒಂದು ಕೆಲಸ ಕಟ್ಟಿರುತ್ತದೆ.

ಆಸ್ಪತ್ರೆಯವರು ಕೈಚೆಲ್ಲಿದ್ದರು. ಕ್ಯಾನ್ಸರ್ ಮೂಳೆಗಿಳಿದಿತ್ತು. "ಇನ್ನು ವಾಸಿ ಮಾಡೋ ಮಾತಿಲ್ಲ, ನೋವಾಗದ ಹಾಗೆ ನೋಡ್ಕೊಳ್ಳಿ," ಎಂದರು ದೊಡ್ಡ ಡಾಕ್ಟರು. ನನ್ನದು ಮೂರನೇ ಮಹಡಿಯ ಎರಡು ಕೋಣೆಯ ಮನೆ, ಲಿಫ್ಟಿಲ್ಲ, ಇಬ್ಬರು ಮಕ್ಕಳು. ಬೆಳಗ್ಗೆ ಡಬ್ಬಿ ಕಟ್ಟಿ ಓಡಿದರೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಅಪ್ಪನನ್ನು ಹೊರಳಿಸಲು ಎರಡಾಳು ಬೇಕು. ಹಾಗಾಗಿ ಆರೈಕೆ ಮನೆ. ಅಲ್ಲಿ ರೋಗಕ್ಕೆ ಮದ್ದು ಮಾಡುವುದಿಲ್ಲ. ಕೊನೆಯತನಕ ನೋಯದ ಹಾಗೆ ನೋಡಿಕೊಳ್ಳುತ್ತೇವೆ ಎಂಬ ಒಂದೇ ಮಾತು ಕೊಡುತ್ತಾರೆ. ಆ ಮಾತು ಯಾರು ಉಳಿಸಿಕೊಳ್ಳುತ್ತಾರೆ ಎಂದು ಮೊದಲೇ ಕಂಡುಹಿಡಿಯುವುದು ಹೇಗೆ?

ತಂಗಿ ಇಂಟರ್ನೆಟ್ಟಿನಲ್ಲಿ ಓದಿ ಓದಿ ಫೋನಿನಲ್ಲಿ ಪ್ರಶ್ನೆ ಕಳಿಸುತ್ತಲೇ ಇದ್ದಳು. ಒಬ್ಬ ನರ್ಸಿಗೆ ಎಷ್ಟು ಜನ ರೋಗಿಗಳು ಕೇಳಕ್ಕಾ, ಹೊತ್ತಲ್ಲದ ಹೊತ್ತಲ್ಲಿ ಡಾಕ್ಟರು ಸಿಗ್ತಾರಾ ಕೇಳಕ್ಕಾ, ಕರೆಂಟು ಹೋದರೆ ಏನು ಮಾಡ್ತಾರೆ ಕೇಳಕ್ಕಾ. ಮೊದಲು ನೋಡಿದ ಜಾಗದಲ್ಲಿ ಇದಕ್ಕೆಲ್ಲ ಉತ್ತರ ಬಾಯಿಪಾಠವಾಗಿತ್ತು. ಬಾಗಿಲಲ್ಲೇ ಕಾರಂಜಿ, ಒಳಗೆ ಮೆಲ್ಲಗೆ ಕೊಳಲಿನ ಸದ್ದು. ಮ್ಯಾನೇಜರಮ್ಮ ಖಾಲಿ ಕೋಣೆಯೊಂದನ್ನು ತೋರಿಸಿ, ಪರದೆಗೆ ಯಾವ ಬಣ್ಣ ಬೇಕು ಎಂದು ಕೇಳಿದಳು. ಜನ ಇರುವ ಕೋಣೆ ನೋಡಬಹುದಾ ಅಂದೆ. "ಅವರಿಗೆ ತೊಂದರೆ ಆಗುತ್ತಲ್ಲಾ ಮೇಡಂ," ಎಂದು ನಕ್ಕಳು. ಆ ನಗುವಿಗೂ ಕಾರಂಜಿಗೂ ಒಂದೇ ಸ್ವಿಚ್ಚಿರಬೇಕು ಅನಿಸಿತು.

ಎರಡನೆಯದು ಟೈರ್ ಅಂಗಡಿಯ ಹಿಂದೆ. ಗೋಡೆಗೆ ಸುಣ್ಣ ಬಳಿದು ಕಾಲವಾಗಿತ್ತು. ನಾನು ಒಳಗೆ ಹೋದಾಗ ದಪ್ಪನೆಯ ಸಿಸ್ಟರ್ ಒಬ್ಬರು ಕಿಟಕಿ ಪಕ್ಕ ಕೂತು ಒಬ್ಬ ಅಜ್ಜಿಯ ಉಗುರು ಕತ್ತರಿಸುತ್ತಾ ಗದರುತ್ತಿದ್ದರು: "ಕೈ ಅಲ್ಲಾಡಿಸ್ಬೇಡಿ ಅಂದ್ರೆ ಕೇಳೋದಿಲ್ಲ. ಬೆರಳು ತುಂಡಾದ್ರೆ ಆಮೇಲೆ ನನ್ನ ಬಯ್ಯೋದಕ್ಕೆ ಯಾವ ಬೆರಳು ತೋರಿಸ್ತೀರಿ?" ಅಜ್ಜಿ ಕಿಸಿಕಿಸಿ ನಗುತ್ತಿತ್ತು. ನಾನು ಬಂದ ಕಾರಣ ಹೇಳಿದೆ. ಸಿಸ್ಟರ್ ತಲೆ ಎತ್ತದೆಯೇ, "ಕೂತ್ಕೊಳ್ಳಿ, ಈ ಕೈ ಮುಗಿಸಿಬಿಡ್ತೀನಿ," ಎಂದರು. ಕಿರುಬೆರಳಿನ ತನಕ ಮುಗಿಸಿ, ಉಗುರಿನ ಚೂರು ಗುಡಿಸಿ, ಆಮೇಲೇ ನನ್ನ ಕಡೆ ತಿರುಗಿದರು. ತಂಗಿಯ ಅರ್ಧ ಪ್ರಶ್ನೆ ನಾನು ಕೇಳಲೇ ಇಲ್ಲ. ಇಲ್ಲಿಗೇ ಅಂದುಕೊಂಡೆ.

ಅಪ್ಪ ಅಲ್ಲಿ ಸೇರಿ ವಾರ ಆಗುವ ಮೊದಲೇ ನನ್ನ ಲೆಕ್ಕ ತಪ್ಪಿತೇನೋ ಎಂಬ ಹುಳ ತಲೆ ಹೊಕ್ಕಿತು.

ನಾನು ಹೋಗುವುದು ಅಂಗಡಿ ಬಾಗಿಲು ಹಾಕಿದ ಮೇಲೆ. ಅಪ್ಪನಿಗೆ ಒಗೆದ ಬಟ್ಟೆ, ಒಣಗಿದ ಹಾಸಿಗೆ, ತುಟಿಗೆ ಸವರಿದ ಎಣ್ಣೆ. ಹೇಳಲು ಒಂದೂ ಕೊರತೆಯಿಲ್ಲ. ಆದರೆ ಅಪ್ಪನ ಬಲಗೈ ಮಾತ್ರ ಮಂಚದ ಪಕ್ಕದ ಕಂಬಿಯನ್ನು ಬಿಡುತ್ತಿರಲಿಲ್ಲ. "ಹೇಗಿದೆ ಅಪ್ಪಾ?" ಅಂದರೆ "ಪರವಾಗಿಲ್ಲ." "ನೋವು?" "ಇದೆ, ಇರಲಿ." ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಶಾಲೆಯಲ್ಲಿ ಏನೋ ಭಾಷಣವಂತೆ, ಅದನ್ನು ತಾತನ ಮುಂದೆ ಒಪ್ಪಿಸಿದಳು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನಿಂತುಬಿಟ್ಟಳು.

"ಅಮ್ಮಾ, ನಾನು ಬೇಕಂತಲೇ 'ಹಾರ್ದಿಕ'ಕ್ಕೆ 'ಆರ್ದಿಕ' ಅಂದೆ. ತಾತ ತಿದ್ದಲೇ ಇಲ್ಲ."

ಬದುಕಿಡೀ ಭಾಷೆ ಪಾಠ ಮಾಡಿದ ಮನುಷ್ಯ ಅವರು. ಮದುವೆ ಕರೆಯೋಲೆ ಕೈಗೆ ಕೊಟ್ಟರೆ, ಹುಡುಗ ಹುಡುಗಿ ಯಾರು ಎಂದು ನೋಡುವ ಮೊದಲು ಕಾಗುಣಿತ ನೋಡುತ್ತಿದ್ದರು.

ಅಣ್ಣನಿಗೆ ಫೋನಿನಲ್ಲಿ ಇಷ್ಟು ಹೇಳಿದ್ದೇ ತಪ್ಪಾಯಿತು. ಮಾರನೆಯ ದಿನವೇ ಸಿಕ್ಕ ಬಸ್ಸು ಹಿಡಿದು ಬಂದ. ನಾನು ಅಂಗಡಿಗೆ ರಜೆ ಹೇಳಿ ಬಸ್ ಸ್ಟ್ಯಾಂಡಿನಿಂದ ಅವನನ್ನು ಕರೆದುಕೊಂಡು ಹೋದೆ. ಆರೈಕೆ ಮನೆ ಹೊಕ್ಕವನು ಮೊದಲು ಜನರೇಟರ್ ನೋಡಿದ, ಮಂಚದ ಚಕ್ರ ಒದ್ದು ನೋಡಿದ, ಲಿಫ್ಟಿನಲ್ಲಿ ಸುಮ್ಮನೆ ಒಂದು ಸಲ ಮೇಲೆ ಕೆಳಗೆ ಓಡಾಡಿ ಬಂದ. "ಲಿಫ್ಟ್ ಒಂದು ಪರವಾಗಿಲ್ಲ," ಎಂದ. ಆಮೇಲೆ ಅಪ್ಪನ ಕೋಣೆಗೆ ಬಂದು ಕಂಬಿ ಹಿಡಿದ ಆ ಕೈ ನೋಡಿದ. ಬೆರಳ ಗಿಣ್ಣು ಬಿಳುಚಿದ್ದವು. ಹೊದಿಕೆ ಎತ್ತಿದರೆ ಕಾಲ್ಬೆರಳು ಒಳಕ್ಕೆ ಮಡಚಿಕೊಂಡಿದ್ದವು.

ನನ್ನನ್ನು ಕಾರಿಡಾರಿಗೆ ಎಳೆದ.

"ಇದೇನೇ ನೀನು ನೋಡಿ ಆರಿಸಿದ್ದು? ಉಗುರು ಚೆನ್ನಾಗಿ ಕತ್ತರಿಸ್ತಾರೆ ಅಂತ ಅಪ್ಪನ್ನ ತಂದು ಹಾಕಿದ್ಯಾ?"

"ಮೆಲ್ಲಗೆ ಮಾತಾಡೋ ಅಣ್ಣಾ."

"ಇಲ್ಲ, ನಾಳೆ ಬೆಳಗ್ಗೆ ಆಂಬುಲೆನ್ಸ್ ಕರೆಸ್ತೀನಿ. ಆ ಕಾರಂಜಿ ಜಾಗಕ್ಕೇ ಹೋಗ್ಲಿ. ಫೋನ್ ಮಾಡಾಯ್ತು, ಜಾಗ ಇದೆಯಂತೆ."

ಆಂಬುಲೆನ್ಸ್ ಎಂದ ಕೂಡಲೇ ನನಗೆ ರಸ್ತೆಯ ಗುಂಡಿಗಳೆಲ್ಲ ಕಣ್ಣ ಮುಂದೆ ಬಂದವು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಉಸಿರು ಹಿಡಿಯುವ ಅಪ್ಪ, ಊರಿನ ಆ ತುದಿಯ ತನಕ ಹೇಗೆ ಹೋಗಬೇಕು? ಹೋದ ಮೇಲೂ ಅಲ್ಲಿ ಇದೇ ಕಥೆಯಾದರೆ? ಇನ್ನೊಂದು ಸಲ ಆರಿಸುವಷ್ಟು ಕಾಲ ಅಪ್ಪನ ಬಳಿ ಇರಲಿಲ್ಲ. ಆದರೂ ಬೇಡ ಎನ್ನುವ ಹಕ್ಕು ನನಗೆಲ್ಲಿದೆ? ಆರಿಸಿದವಳು ನಾನು.

ಅಷ್ಟರಲ್ಲಿ ಆ ದಪ್ಪನೆಯ ಸಿಸ್ಟರೇ ಔಷಧಿಯ ಟ್ರೇ ಹಿಡಿದು ಬಂದರು. ಅಣ್ಣ ಅಡ್ಡ ನಿಂತ.

"ಏನ್ರೀ ಸಿಸ್ಟರ್, ನಮ್ಮಪ್ಪ ಅಲ್ಲಿ ಹಲ್ಲು ಕಚ್ಕೊಂಡು ಮಲಗಿದ್ದಾರೆ. ನಿಮಗೆ ಕಾಣಲ್ವಾ?"

"ಕೇಳ್ತಾನೇ ಇದ್ದೀವಿ ಸಾರ್. ಔಷಧಿ ಕೊಡೋವಾಗೆಲ್ಲ ಕೇಳ್ತೀವಿ. ಎರಡರ ಮೇಲೆ ಹೇಳೋದಿಲ್ಲ ಅವರು."

"ಎರಡು ಅಂದ್ರೆ?"

"ನೋವು ಹತ್ತಕ್ಕೆ ಎಷ್ಟು ಅಂತ ಕೇಳ್ತೀವಿ. ಸೊನ್ನೆ ಅಂದ್ರೆ ನೋವಿಲ್ಲ, ಹತ್ತು ಅಂದ್ರೆ ತಡೆಯೋಕಾಗದಷ್ಟು. ಅದರ ಮೇಲೆ ಡಾಕ್ಟರು ಡೋಸ್ ನೋಡ್ತಾರೆ. ಬನ್ನಿ, ನಿಮ್ಮೆದುರೇ ಕೇಳ್ತೀನಿ."

ಮೂವರೂ ಒಳಗೆ ಹೋದೆವು. ಸಿಸ್ಟರ್ ಬಗ್ಗಿ, "ಮೇಷ್ಟ್ರೇ, ಈಗ ನೋವು ಎಷ್ಟು? ಹತ್ತಕ್ಕೆ?" ಎಂದರು.

ಅಪ್ಪ ಕಣ್ಣು ಮುಚ್ಚಿದರು. ಹುಬ್ಬು ಗಂಟಿಕ್ಕಿದರು. ಆ ಮುಖ ನಾನು ಬಲ್ಲೆ. ಊಟದ ಮೇಜಿನ ತುಂಬಾ ಉತ್ತರ ಪತ್ರಿಕೆ ಹರಡಿಕೊಂಡು, ಕೆಂಪು ಪೆನ್ನು ಎತ್ತಿ ಹಿಡಿದು, ಇಳಿಸಲೋ ಬೇಡವೋ ಎಂದು ತೂಗುತ್ತಿದ್ದ ಮುಖ ಅದು.

"ಎರಡು," ಎಂದರು. ಉಸಿರು ಎಳೆದುಕೊಂಡು, "ಎರಡೂವರೆ ಹಾಕ್ಕೊಳ್ಳಿ."

ನಾನು ಅಣ್ಣನ ಕಡೆ ನೋಡಿದೆ. ಅಣ್ಣ ನನ್ನ ಕಡೆ ನೋಡುತ್ತಿದ್ದ. ಅವನ ಬಾಯಿಂದ ನಗುವೋ ಅಳುವೋ ಗೊತ್ತಾಗದ ಒಂದು ಸದ್ದು ಹೊರಟಿತು.

"ಅಯ್ಯೋ! ಇವರು ಮಾರ್ಕ್ಸ್ ಕೊಡ್ತಿದ್ದಾರೆ ಕಣೇ!"

ಸಿಸ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾಗುವುದಾದರೂ ಹೇಗೆ? ನಮ್ಮಪ್ಪನ ಕೈಯಲ್ಲಿ ಹತ್ತಕ್ಕೆ ಐದು ತೆಗೆದುಕೊಂಡವರು ಇಡೀ ಶಾಲೆಯಲ್ಲಿ ಬೆರಳೆಣಿಕೆಯಷ್ಟು. ನನ್ನ ಪ್ರಬಂಧವನ್ನು ಹೆಡ್‌ಮೇಷ್ಟ್ರು ಎಲ್ಲರಿಗೂ ಓದಿ ಹೇಳಿದ ವರ್ಷ ಅಪ್ಪ ನನಗೆ ಕೊಟ್ಟದ್ದು ನಾಲ್ಕು. ಅಣ್ಣ ಎಂದೂ ಮೂರು ದಾಟಿದವನಲ್ಲ. ಪಕ್ಕದಲ್ಲಿ "ಅಕ್ಷರ ದುಂಡಗಿದೆ" ಎಂದು ಸಮಾಧಾನಕ್ಕೆ ಬರೆಯುತ್ತಿದ್ದರು. ಅರ್ಧ ಮಾರ್ಕಿಗೆ ಅಪ್ಪ ಪಟ್ಟಷ್ಟು ಸಂಕಟ ಹೆಣ್ಣು ಕೊಡುವ ತಂದೆಯೂ ಪಡುವುದಿಲ್ಲ ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು. ಅಂಥವರು ಇವತ್ತು ತಾವಾಗಿ ಅರ್ಧ ಸೇರಿಸಿದ್ದರು.

ಇದನ್ನೆಲ್ಲ ನಾವಿಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಹೇಳಿದೆವು. ಹೇಳುತ್ತಾ ಹೇಳುತ್ತಾ ನನಗೆ ಹೆದರಿಕೆಯಾಗುತ್ತಿತ್ತು. ಈ ಸಿಸ್ಟರ್ ಈಗ ಏನನ್ನುತ್ತಾರೆ? 'ಅವರು ಹೇಳಿದ್ದನ್ನೇ ಬರ್ಕೊಂಡಿದ್ದೀವಿ, ನಮ್ಮ ತಪ್ಪೇನಿದೆ' ಅಂದರೆ ಅಣ್ಣನ ಆಂಬುಲೆನ್ಸನ್ನು ನಾನೂ ತಡೆಯುವುದಿಲ್ಲ ಎಂದುಕೊಂಡೆ.

ಸಿಸ್ಟರ್ ಟ್ರೇ ಪಕ್ಕಕ್ಕಿಟ್ಟರು. ಸ್ಟೂಲು ಎಳೆದುಕೊಂಡು, ಅಪ್ಪನ ಮುಖಕ್ಕೆ ತಮ್ಮ ಮುಖ ಸರಿಸಮ ಬರುವ ಹಾಗೆ ಕೂತರು.

"ಮೇಷ್ಟ್ರೇ, ಇಷ್ಟು ನೋವಿಟ್ಕೊಂಡು ಬರೀ ಎರಡೂವರೆನಾ? ಇನ್ನೂ ಸ್ವಲ್ಪ ಕೈ ಬಿಚ್ಚಿ ಕೊಡಬಾರದಾ?"

ಅಪ್ಪ ಕಣ್ಣು ತೆರೆದರು. "ಇವತ್ತೇ ಎಂಟೋ ಒಂಬತ್ತೋ ಕೊಟ್ಟುಬಿಟ್ಟರೆ ಹೇಗೆ ಮಗು? ನಾಳೆ ಇದಕ್ಕಿಂತ ದೊಡ್ಡದು ಬಂದರೆ ಅದಕ್ಕೆ ಏನು ಕೊಡಲಿ?"

ಹೊರಗೆ ಟೈರ್ ಅಂಗಡಿಯವರು ಗಾಳಿ ತುಂಬುವ ಸದ್ದು ಕೇಳುತ್ತಿತ್ತು.

ಸಿಸ್ಟರ್ ಕಂಬಿ ಹಿಡಿದ ಅಪ್ಪನ ಕೈ ಮೇಲೆ ತಮ್ಮ ಕೈ ಇಟ್ಟರು. ಬಿಡಿಸಲು ಹೋಗಲಿಲ್ಲ.

"ಸರಿ, ಮಾರ್ಕ್ಸ್ ಬೇಡ. ನಿಮ್ಮ ಕ್ಲಾಸಲ್ಲಿ ಒಂದು ಮಗುವಿಗೆ ಈಗ ನಿಮಗಿರೋಷ್ಟೇ ನೋವು ಬಂದಿದೆ ಅಂತಿಟ್ಕೊಳ್ಳಿ. ಪಾಠ ಮುಗಿಯೋ ತನಕ ಕೂರಿಸ್ತಿದ್ರಾ?"

ಅಪ್ಪ ಸಿಸ್ಟರ ಮುಖ ನೋಡಿದರು.

"ಛೆ, ಛೆ. ಯಾರಾದರೂ ಕೂರಿಸ್ತಾರಾ?" ಎಂದರು. "ಆಗಲೇ ಮನೆಗೆ ಕಳಿಸ್ತಿದ್ದೆ." ಇನ್ನೊಂದು ಉಸಿರು ತೆಗೆದುಕೊಂಡು, "ಒಂಟಿಯಾಗಿ ಅಲ್ಲ. ಜೊತೆಗೆ ಯಾರನ್ನಾದರೂ ಮಾಡಿ ಕಳಿಸ್ತಿದ್ದೆ."

"ಅಷ್ಟು ಸಾಕು ನಂಗೆ," ಎಂದರು ಸಿಸ್ಟರ್.

ನಮ್ಮ ಕಡೆ ತಿರುಗಿದಾಗ ಅವರ ಮುಖ ಬಿಗಿದಿತ್ತು. "ತಪ್ಪು ನಮ್ದೇ. ಕೈ ನೋಡ್ಬೇಕಿತ್ತು, ಕಾಲು ನೋಡ್ಬೇಕಿತ್ತು. ಅಂಕಿ ಸಿಕ್ತಲ್ಲಾ ಅಂತ ಸುಮ್ಮನಾಗಿಬಿಟ್ವಿ." ಅಣ್ಣ ಏನೋ ಹೇಳಲು ಬಾಯಿ ತೆರೆದ. ಅವರು ಆಗಲೇ ಫೋನು ಕಿವಿಗಿಟ್ಟುಕೊಂಡು ಡಾಕ್ಟರ ಜೊತೆ ಮಾತಾಡುತ್ತಿದ್ದರು. "ಇಲ್ಲ ಡಾಕ್ಟ್ರೇ, ಸಂಜೆ ರೌಂಡಿನ ತನಕ ಅಲ್ಲ, ಈಗಲೇ," ಎನ್ನುವುದು ಕೇಳಿಸಿತು.

ಡಾಕ್ಟರು ಟೈರ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ಟಿನ ಸಮೇತ ಮೆಟ್ಟಿಲು ಹತ್ತಿದರು. ಚಿಕ್ಕ ವಯಸ್ಸಿನ ಹೆಂಗಸು. ಅಪ್ಪನ ಬೆನ್ನು, ಸೊಂಟ ಮುಟ್ಟಿ ನೋಡಿದರು, ನಮ್ಮನ್ನೂ ಕೂರಿಸಿಕೊಂಡು ಕೇಳಿದರು. ಮನೆಯಲ್ಲಿ ನೋವಾದಾಗ ಏನು ಮಾಡುತ್ತಿದ್ದರು? ಸಿಡುಕುತ್ತಿದ್ದರೋ, ಮೌನವಾಗುತ್ತಿದ್ದರೋ? ಮೊಮ್ಮಗಳ ತಪ್ಪು ತಿದ್ದದೆ ಹೋದದ್ದನ್ನು ನಾನು ಹೇಳಿದೆ. ಅವರು ನಗಲಿಲ್ಲ. "ಇಂಥದ್ದೇ ಬೇಕಾಗಿತ್ತು. ಸೇರಿಸಿಕೊಳ್ಳೋ ದಿನವೇ ನಾವು ಕೇಳಬೇಕಿತ್ತು," ಎಂದರು. ಮಾರ್ಫಿನ್ ಹೆಚ್ಚಿಸಿ, ಒಂದು ಇಂಜೆಕ್ಷನ್ ಆಗಲೇ ಕೊಡಿಸಿದರು. ನಿದ್ದೆ ಹೆಚ್ಚು ಬರಬಹುದು, ಮಲ ಕಟ್ಟಬಹುದು, ಅದಕ್ಕೂ ಔಷಧಿ ಇದೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ಕೆಲಸವಾಯಿತೋ ಇಲ್ಲವೋ ನೋಡದೆ ಹೋಗುವುದಿಲ್ಲ ಎಂದು ಹೆಲ್ಮೆಟ್ಟನ್ನು ಕಿಟಕಿಯ ಮೇಲಿಟ್ಟು ಅಲ್ಲೇ ಕೂತರು.

ನಾನು ಅಪ್ಪನ ಕೈಯನ್ನೇ ನೋಡುತ್ತಿದ್ದೆ. ಮೊದಲು ಹೆಬ್ಬೆರಳು ಸಡಿಲಾಯಿತು. ಆಮೇಲೆ ಮಿಕ್ಕವು, ಒಂದೊಂದೇ. ಕಂಬಿ ಬಿಟ್ಟ ಕೈ ಹೊದಿಕೆಯ ಮೇಲೆ ಅಂಗಾತ ಬಿತ್ತು. ಅಂಗೈ ತುಂಬಾ ಕಂಬಿಯ ಗೆರೆ.

ಅಣ್ಣ ಬಾಗಿಲ ಹೊರಗೆ ಹೋಗಿ ಆ ಕಾರಂಜಿ ಜಾಗಕ್ಕೆ ಫೋನ್ ಮಾಡಿದ. "ಆಂಬುಲೆನ್ಸ್ ಬೇಡ್ರೀ… ಇಲ್ಲ, ಇಲ್ಲೇ ಇರ್ತಾರೆ… ಪರದೆನಾ? ಯಾವ ಪರದೇರೀ?" ಎಂದು ರೇಗಿ ಇಟ್ಟ. ಒಳಗೆ ಬಂದು ಅಪ್ಪನ ಕಾಲ ಹತ್ತಿರ ಕೂತು, ಹೊದಿಕೆ ಎತ್ತಿ ಕಾಲ್ಬೆರಳು ಚಾಚಿಕೊಂಡಿವೆಯೇ ಎಂದು ನೋಡಿದ. ಮತ್ತೆ ಮುಚ್ಚಿದ. ಎರಡು ನಿಮಿಷಕ್ಕೆ ಮತ್ತೆ ಎತ್ತಿ ನೋಡಿದ.

"ಸಾಕು ಬಿಡೋ, ಚಳಿ ಆಗುತ್ತೆ ಅವರಿಗೆ," ಅಂದೆ.

"ಬಯ್ದಿದ್ದಕ್ಕೆ ಬೇಜಾರಾಯ್ತೇನೇ?"

"ನಿನ್ನ ಬೈಗುಳಕ್ಕೆಲ್ಲ ಬೇಜಾರು ಮಾಡ್ಕೊಂಡಿದ್ರೆ ನಾನು ಇಷ್ಟು ಹೊತ್ತಿಗೆ ಸನ್ಯಾಸಿ ಆಗಿರ್ತಿದ್ದೆ."

ಅವನು ಮೂಗು ಒರೆಸಿಕೊಂಡ. ಅಷ್ಟರಲ್ಲಿ ತಂಗಿಯ ಫೋನು ಬಂತು.

"ಏನಕ್ಕಾ ಆಯ್ತು? ಅಣ್ಣ ಗಲಾಟೆ ಮಾಡಿದ್ನಾ? ನಿಜ ಹೇಳು, ಆ ಜಾಗ ಒಳ್ಳೇದಾ, ಕೆಟ್ಟದ್ದಾ?"

ಎಲ್ಲಿಂದ ಶುರುಮಾಡಲಿ? ತಪ್ಪು ಮಾಡಿದ್ದರು, ನಿಜ. ಕೇಳಿದ ಕೂಡಲೇ ತಮ್ಮದೇ ತಪ್ಪು ಎಂದಿದ್ದರು. ಡಾಕ್ಟರು ಇನ್ನೂ ಕಿಟಕಿಯ ಪಕ್ಕ ಕೂತು ಅಪ್ಪನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು. ನನ್ನ ಉತ್ತರಕ್ಕೆ ಮೊದಲೇ ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಒರಟು ಮರಕ್ಕೆ ಗರಗಸ ಹಾಕಿದಂತೆ. ನಿಂತಿತು. ಮತ್ತೆ ಬಂತು, ಇನ್ನೂ ಉದ್ದಕ್ಕೆ.

ನಾನು ಫೋನನ್ನು ದಿಂಬಿನ ಹತ್ತಿರ ಹಿಡಿದೆ.

"ಅದೇನಕ್ಕಾ ಅದು?" ಎಂದಳು ತಂಗಿ. ಆಮೇಲೆ ಅವಳಿಗೇ ಗೊತ್ತಾಯಿತು. "ಗೊರಕೆನಾ? ಅಪ್ಪ ಗೊರಕೆ ಹೊಡೀತಿದ್ದಾರಾ?" ಆ ಕಡೆ ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಈ ಕಡೆ ಅಣ್ಣ ಬಾಯಿಗೆ ಕೈ ಅಡ್ಡ ಹಿಡಿದು ಕುಲುಕುಲು ನಗುತ್ತಿದ್ದ.

ಸಿಸ್ಟರ್ ಬಾಗಿಲಲ್ಲಿ ಬಂದು ನಿಂತರು. ಪಿಸುಮಾತಿನಲ್ಲೂ ಅವರು ಗದರಬಲ್ಲರು ಎಂದು ನನಗೆ ಆಗ ತಿಳಿಯಿತು.

"ಅಳೋದು, ನಗೋದು ಎಲ್ಲಾ ಹೊರಗೆ. ಮೇಷ್ಟ್ರು ಮಲಗಿದ್ದಾರೆ, ಏಳಿ ಇಬ್ಬರೂ."

ಅಣ್ಣ ಚಪ್ಪಲಿ ಸದ್ದಾಗದಿರಲಿ ಎಂದು ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ ನನ್ನ ಹಿಂದೆ ಬಂದ.