ಎಲಾದಿಯೊಗೆ ಇವತ್ತು ರಜೆ

ಫಿದೆನ್ಸಿಯಾ ಧ್ವನಿವರ್ಧಕದ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೇಬಿಟ್ಟಳು. ಅಂಗಳದ ತುಂಬ ಮೊಳಗುತ್ತಿದ್ದ ಶವಯಾತ್ರೆಯ ವಾದ್ಯ ಗಕ್ಕನೆ ನಿಂತಿತು. ಜೋಳದ ಕಡುಬು ತಿನ್ನುತ್ತ ಕೂತಿದ್ದವರು ಬಾಯಿಗೆ ಒಯ್ದ ಕೈಯನ್ನು ಅಲ್ಲೇ ತಡೆದರು.

"ಚಿಕ್ಕಮ್ಮಾ, ಏನ್ ಮಾಡಿದ್ರಿ ಇದು!" ಎಂದು ಓಡಿಬಂದವನು ಒತಿಲಿಯೊ. ಅವಳ ಅಕ್ಕನ ಮಗ, ಈ ವರ್ಷ ಸಾಂತಾ ಆನಾ ಊರಿನ ಅಧ್ಯಕ್ಷ. "ಊದ್ತಿದ್ದಿದ್ದು ಚಿಕ್ಕಪ್ಪನೇ ಅಲ್ವಾ? ಪ್ರಶಸ್ತಿ ಬಂದ ರೆಕಾರ್ಡು!"

"ಗೊತ್ತು ಕಣೋ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದೋಳಿಗೆ ಅವನ ಉಸಿರು ಗೊತ್ತಾಗಲ್ವ? ಊರಲ್ಲಿ ಸತ್ತೋರಿಗೆಲ್ಲ ಅವನೇ ಊದಿದ. ಈಗ ಅವನ ಸಾವಿಗೂ ಅವನೇ ಊದಬೇಕಾ? ಇವತ್ತು ಅವನಿಗೆ ರಜೆ. ಬೇರೆ ಯಾರಾದ್ರೂ ಊದಲಿ."

ಮಾತು ನ್ಯಾಯವಾದದ್ದೇ. ಈ ಬೆಟ್ಟದ ಊರುಗಳಲ್ಲಿ ವಾದ್ಯಕ್ಕೆ ಕೂಲಿ ಎಂಬುದಿಲ್ಲ. ನನ್ನ ಮನೆಯ ಸಾವಿಗೆ ನೀನು ಊದು, ನಿನ್ನ ಮನೆಯ ಸಾವಿಗೆ ನಾನು ಊದುತ್ತೇನೆ. ಆದರೆ ಊದುವವರು ಯಾರು? ಬ್ಯಾಂಡಿನಲ್ಲಿ ನಲವತ್ತು ಜನರಿದ್ದರೂ ಆನೆಯಂಥ ಆ ಹಿತ್ತಾಳೆಯ ಟ್ಯೂಬಾ ಊದುವವನು ಅವಳ ಗಂಡ ಎಲಾದಿಯೊ ಒಬ್ಬನೇ. ಅವನು ಪೆಟ್ಟಿಗೆಯಲ್ಲಿ ಮಲಗಿದ್ದ. ಟ್ಯೂಬಾ ಇಲ್ಲದ ಶವಯಾತ್ರೆ ತಳವಿಲ್ಲದ ಕೊಡದ ಹಾಗೆ, ಏನು ತುಂಬಿದರೂ ನಿಲ್ಲುವುದಿಲ್ಲ.

ವಾಹಾಕಾ ಪಟ್ಟಣದಿಂದ ಬಂದಿದ್ದ ಸಂಸ್ಕೃತಿ ಇಲಾಖೆಯ ಅಧಿಕಾರಿ ಬರ್ರಾಗಾನ್ ಟೈ ಸರಿಮಾಡಿಕೊಂಡು ಮುಂದೆ ಬಂದ. ಧ್ವನಿವರ್ಧಕ ಅವನು ತಂದದ್ದೇ. "ತಾಯಿ, ತನ್ನ ಸಂಗೀತ ಕೇಳ್ತಾ ತಾನೇ ಮಣ್ಣಾಗೋ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತೆ? ಆ ಪ್ರಶಸ್ತೀನೂ ಪೆಟ್ಟಿಗೆ ಮೇಲಿಟ್ಟರೆ ಒಂದು ಫೋಟೊ..."

"ಅದು ಈ ವಾರ ಕ್ಲಾರಿನೆಟ್ ಊದೋ ಗಾಲ್ದಿನೊ ಮನೇಲಿದೆ. ಅವನ ಸರದಿ ತಪ್ಪಿಸೋಕೆ ನಾನ್ಯಾರು, ನೀವ್ಯಾರು?"

* * *

ಲ್ಯಾಟಿನ್ ಸಂಗೀತದಲ್ಲಿ ಹಾಡಿಲ್ಲದ, ಬರೀ ವಾದ್ಯದ ಆಲ್ಬಮ್ಮಿಗೆಂದೇ ಕೊಡುವ ಪ್ರಶಸ್ತಿ ಅದು. ಬ್ಯಾಂಡಿನ ಧ್ವನಿಮುದ್ರಣ ಊರ ಚರ್ಚಿನಲ್ಲೇ ನಡೆದಿತ್ತು. ಎಲಾದಿಯೊ ಉಸಿರೆಳೆಯುವ ಸದ್ದನ್ನು ತೆಗೆದುಹಾಕುತ್ತೇನೆ ಎಂದು ಎಂಜಿನಿಯರು ಹೇಳಿದಾಗ ಅವನು ಟ್ಯೂಬಾ ಕೆಳಗಿಟ್ಟ.

"ಉಸಿರು ತೆಗೆದ್ರೆ ಉಳಿಯೋದು ಹೆಣ, ಸ್ವಾಮಿ. ಹೆಣ ಊದಿದ್ದನ್ನ ಯಾರು ಕೇಳ್ತಾರೆ?"

ಉಸಿರು ಉಳಿಯಿತು, ಪ್ರಶಸ್ತಿಯೂ ಬಂತು. ವೇದಿಕೆಗೆ ಇಬ್ಬರು ಬನ್ನಿ ಎಂದು ಕರೆ ಬಂದಾಗ ಎಲಾದಿಯೊ ಊರ ಸಭೆಯಲ್ಲಿ ಹಟ ಹಿಡಿದ: ಊದಿದ್ದು ನಲವತ್ತು ಬಾಯಿ, ಹೋದರೆ ನಲವತ್ತೂ ಹೋಗಬೇಕು. ಅಷ್ಟು ಜನಕ್ಕೆ ಅಲ್ಲಿ ಜಾಗವಿರಲಿಲ್ಲ, ಯಾರೂ ಹೋಗಲಿಲ್ಲ. ಪ್ರಶಸ್ತಿ ಪಾರ್ಸೆಲ್ಲಿನಲ್ಲಿ ಬಂದು, ಸಂತ ಆನಾಳ ಮೂರ್ತಿಯ ಹಾಗೆ ವಾರಕ್ಕೊಂದು ಮನೆಯಂತೆ ಊರು ಸುತ್ತತೊಡಗಿತು. ಡೋಲಿನವನ ತಾಯಿಯಂತೂ ಅದರ ಮುಂದೆ ಮೇಣದಬತ್ತಿ ಹಚ್ಚಿ, ಮೊಮ್ಮಗಳ ಮದುವೆಗೆ ಹರಕೆಯನ್ನೂ ಹೊತ್ತಳು. ಎಲಾದಿಯೊ ತನ್ನ ಸರದಿಯಲ್ಲಿ ಅದನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟು, ಎಂದಿನಂತೆ ಚಪ್ಪಲಿ ಹೊಲಿಯಲು ಕೂತ.

* * *

"ಸರಿ, ಯಾರು ಊದ್ತಾರೆ ಈಗ? ನೀವೇ ಹೇಳಿ," ಎಂದ ಒತಿಲಿಯೊ.

"ಸಾನ್ ಬಾರ್ತೊಲೊದ ನಾಬೊರ್. ಹೇಳಿಕಳಿಸಿದೀನಿ."

ಅಂಗಳದಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಸಾನ್ ಬಾರ್ತೊಲೊ ಪಕ್ಕದ ಊರು; ಕಾಡಿನ ಗಡಿಗಾಗಿ ಎರಡೂ ಊರುಗಳು ಹೆಣ ಬೀಳುವಷ್ಟು ಹೊಡೆದಾಡಿದ್ದವು. ಆ ಊರವರು ಇಲ್ಲಿ ಕಾಲಿಡಬಾರದು, ಇವರು ಅಲ್ಲಿಗೆ ಹೋಗಬಾರದು ಎಂಬುದು ಸಭೆಯ ಕಟ್ಟಳೆ.

"ಚಿಕ್ಕಮ್ಮಾ, ಜನ ನನ್ನ ತಲೆ ತೆಗೀತಾರೆ!"

"ತೆಗೀಲಿ ಬಿಡು, ಅದರಿಂದ ಊರಿಗೇನು ದೊಡ್ಡ ನಷ್ಟ ಇಲ್ಲ. ನಾಬೊರ್ ಹೆಂಡ್ತಿ ಸತ್ತಾಗ ಅವನಿಗೆ ಅಳು ಉಕ್ಕಿ ಊದೋಕಾಗ್ಲಿಲ್ಲ. ನಿನ್ನ ಚಿಕ್ಕಪ್ಪ ಹಾಡಹಗಲೇ ಗಡಿ ದಾಟಿ ಹೋಗಿ ಊದಿ ಬಂದ. ಅದಕ್ಕೆ ನೀವು ಅವನನ್ನ ಜೈಲಲ್ಲಿ ಕೂರಿಸಿದ್ರಿ. ಅಲ್ಲೂ ಸುಮ್ನಿದ್ನಾ? ಕಾವಲಿನವನ ಕಿತ್ತೋದ ಚಪ್ಪಲಿ ಹೊಲ್ಕೊಟ್ಟು ಬಂದ."

ಯಾರೋ ನಕ್ಕರು. ನಗುವಿನ ಹಿಂದೆಯೇ ನಾಲ್ಕಾರು ಜನ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ನಾಬೊರ್ ಬಂದ. ದಢೂತಿ ಮುದುಕ, ಹೆಗಲ ಮೇಲೆ ಟ್ಯೂಬಾ, ಅಂಗಿಯೆಲ್ಲ ಬೆವರು. ಒತಿಲಿಯೊ ಬಾಗಿಲಿಗೆ ಅಡ್ಡ ನಿಂತ.

"ಅಲ್ಲೇ ನಿಲ್ಲಿ, ಯಜಮಾನ್ರೆ."

"ನಿಲ್ಲೋದೇನಪ್ಪ, ದಾರಿಯುದ್ದ ಉಸಿರು ತಗೊಳ್ಳೋಕೆ ನಿಂತು ನಿಂತೇ ಬಂದೆ. ಜೈಲಿಗೆ ಹಾಕೋದಾದ್ರೆ ಹಾಕು. ಮೊದಲು ಊದಿಬಿಡ್ತೀನಿ."

"ಇವರ ಜೊತೆ ನನ್ನನ್ನೂ ಹಾಕು," ಎಂದು ಫಿದೆನ್ಸಿಯಾ ಕರಿ ಶಾಲನ್ನು ಸೊಂಟಕ್ಕೆ ಬಿಗಿದು ನಾಬೊರ್‌ನ ಪಕ್ಕಕ್ಕೆ ಹೋಗಿ ನಿಂತಳು. ಗಾಲ್ದಿನೊ ಯಾರನ್ನೂ ಕೇಳದೆ ಕ್ಲಾರಿನೆಟ್ಟಿನಲ್ಲಿ ಶ್ರುತಿ ಹಿಡಿದ. ಬ್ಯಾಂಡಿನವರು ಒಬ್ಬೊಬ್ಬರಾಗಿ ಸರಿದು ಹಿಂದಿನ ಸಾಲಿನ ನಡುವೆ ಜಾಗ ಮಾಡಿದರು. ಎಷ್ಟು ಜನರನ್ನು ತಾನೇ ತಡೆದಾನು ಒತಿಲಿಯೊ? ಪಕ್ಕಕ್ಕೆ ಸರಿದ.

ಶವಯಾತ್ರೆ ಹೊರಟಿತು. ಸ್ಮಶಾನ ಇರುವುದು ಗುಡ್ಡದ ನೆತ್ತಿಯ ಮೇಲೆ, ಕಲ್ಲು ಹಾಸಿದ ಕಡಿದಾದ ಏರು. ಅರ್ಧ ದಾರಿಯವರೆಗೆ ನಾಬೊರ್ ಚೆನ್ನಾಗಿಯೇ ಊದಿದ. ಆಮೇಲೆ ಸ್ವರ ನಡುಗಿತು, ಒಡೆಯಿತು, ನಿಂತೇಹೋಯಿತು. ಅವನು ಬಿಳಿಚಿಕೊಂಡು ಗೋಡೆಗೆ ಒರಗಿ ಕುಸಿದು ಕೂತ. ಉಳಿದ ವಾದ್ಯಗಳೂ ಒಂದೊಂದಾಗಿ ಸುಮ್ಮನಾದವು.

ಹಿಂದೆ ಕಾರಿನ ಮೇಲೆ ಧ್ವನಿವರ್ಧಕ ಕಟ್ಟಿಕೊಂಡು ಬರುತ್ತಿದ್ದ ಬರ್ರಾಗಾನ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ತಾಯಿ, ಈಗಲಾದ್ರೂ ಹಾಕಲಾ?"

ಊರಿಗೆ ಊರೇ ಅವಳ ಮುಖ ನೋಡಿತು. ಅವಳಿಗೂ ಇಷ್ಟೆಲ್ಲ ಜಗಳ ಮಾಡಿ ಗಂಡನನ್ನು ನಡುದಾರಿಗೆ ತಂದು ನಿಲ್ಲಿಸಿದೆನೇ ಎನ್ನಿಸಿತು. ಆದರೂ ಪೆಟ್ಟಿಗೆ ಹೊತ್ತವರ ಕಡೆ ತಿರುಗಿದಳು.

"ಇಳಿಸಿ ಕೆಳಗೆ."

ಇಳಿಸಿದರು. ಅವಳು ಪೆಟ್ಟಿಗೆಯ ಪಕ್ಕದಲ್ಲಿ ಕಲ್ಲಿನ ಮೇಲೆಯೇ ಕಾಲು ಚಾಚಿ ಕೂತಳು.

"ಕಾಯೋಣ. ಇವನಿಗೇನೂ ಅವಸರ ಇಲ್ಲ. ನಿಮಗೆ ಅವಸರ ಇದ್ರೆ ಹೋಗಿ, ಸ್ವಾಮಿ."

ಗಾಲ್ದಿನೊ ಕೂತ. ಡೋಲಿನವನು ಡೋಲಿನ ಮೇಲೆಯೇ ಕೂತ. ಒತಿಲಿಯೊ ನಿಂತಲ್ಲೇ ಒಂದು ಗಳಿಗೆ ನೋಡಿ, ನಾಬೊರ್‌ನ ಹೆಗಲಿಂದ ಟ್ಯೂಬಾ ಬಿಡಿಸಿ, ಅದನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕದಲ್ಲೇ ಕೂತ. ಕಾರು ಹಿಂದೆ ಹೋಗಲೂ ಆಗದೆ ಮುಂದೆ ಬರಲೂ ಆಗದೆ ನಿಂತಿತ್ತು. ಅದರ ಎದುರಿಗೆ, ಉರಿಬಿಸಿಲಿನಲ್ಲಿ ಇಡೀ ಸಾಂತಾ ಆನಾ ನಡುದಾರಿಯಲ್ಲಿ ಕೂತು, ಶತ್ರು ಊರಿನ ಮುದುಕನಿಗೆ ಉಸಿರು ತಿರುಗುವುದನ್ನು ಕಾಯುತ್ತಿತ್ತು.