ಹುಣ್ಣಿಮೆಯ ಹಿಂದಿನ ಸಂಜೆ

ಗುಡ್ಡ ಹತ್ತಿ ಹತ್ತಿ ನನಗೆ ಚಂದ್ರನೆಂದರೇ ಸಿಟ್ಟು. ನಮ್ಮವರದು ಪೇಟೆಯಲ್ಲೊಂದು ಸಣ್ಣ ಸ್ಟುಡಿಯೋ. ದಿನವಿಡೀ ಪಾಸ್‌ಪೋರ್ಟ್ ಫೋಟೋ ತೆಗೆಯುವುದೇ ಕೆಲಸ. ಆದರೆ ಹುಣ್ಣಿಮೆ ಬಂತೆಂದರೆ ಬೇಗ ಬಾಗಿಲು ಹಾಕಿ ಈ ಗುಡ್ಡ ಹತ್ತಬೇಕು. ಎದುರಿನ ಪರ್ವತದ ಮೇಲೆ ಸಂಜೆಗೆಂಪು ಇರುವಾಗಲೇ ಅದರ ನೆತ್ತಿಗೆ ಚಂದ್ರ ಬರಬೇಕು, ಅದು ಒಂದೇ ಫೋಟೋದಲ್ಲಿ ಸಿಗಬೇಕು. ಸ್ಟ್ಯಾಂಡು ಹೊರುವವಳು ನಾನು.

ಒಮ್ಮೆಯೂ ಸಿಗಲಿಲ್ಲ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೇ ಚಂದ್ರ ಹುಟ್ಟುವುದು. ಪರ್ವತದ ಹಿಂದಿನಿಂದ ಇಣುಕುವಷ್ಟರಲ್ಲಿ ಎಲ್ಲ ಕಪ್ಪು. ಫೋಟೋದಲ್ಲಿ ಮಸಿಯ ಮೇಲೊಂದು ಸುಣ್ಣದ ಬೊಟ್ಟು. ಒಂದು ದಿನ ಮೊದಲೇ ಹೋಗೋಣ ಎಂದರೆ, "ಪೂರ್ತಿ ದುಂಡಗಿರಲ್ಲ ಕಣೇ" ಎನ್ನುತ್ತಿದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಮೊನ್ನೆ ಡಾಕ್ಟರು ಇವರ ಎದೆ ಪರೀಕ್ಷೆ ಮಾಡಿ, ಗುಡ್ಡದ ಮಾತೇ ಬೇಡ ಎಂದರು. ಮನೆಗೆ ಬಂದು ಇವರು ಹೇಳಿದ್ದೇ ಬೇರೆ. "ಫೋಟೋ ಸಿಕ್ಕಿದ ದಿನ ಬಿಟ್ಬಿಡ್ತೀನಿ. ಬೇಕಾದ್ರೆ ನಿನ್ನ ಮಾತಿನಂತೆ ಹಿಂದಿನ ದಿನಾನೇ ಹೋಗೋಣ." ಸಿಗದಿದ್ದರೆ ಮತ್ತೆ ಹತ್ತುತ್ತಾರೆ, ಯಾವತ್ತೋ ಅಲ್ಲೇ ಬೀಳುತ್ತಾರೆ. ಹಾಗಾಗಿ ಆ ಫೋಟೋ ಈಗ ಅವರಿಗಿಂತ ನನಗೆ ಬೇಕಾಗಿತ್ತು.

ಇವತ್ತು ಹತ್ತಿದೆವು. ನನ್ನ ಮಂಡಿ ಬಿದ್ದುಹೋಗಿತ್ತು. ಕ್ಯಾಮೆರಾ ನಿಲ್ಲಿಸಿ, ತುದಿಯಲ್ಲಿ ಫೋಟೋ ತೆಗೆಯುವ ಗುಂಡಿಯಿದ್ದ ವೈರನ್ನು ಕೈಯಲ್ಲಿ ಹಿಡಿದು ಅವರು ಕಾದರು. ಪರ್ವತವೆಲ್ಲ ಕೆಂಪಾಗಿರುವಾಗಲೇ ಚಂದ್ರ ನೆತ್ತಿಯ ಮೇಲೆ ಬಂದ. ಎಲ್ಲಿ ದುಂಡಗಿಲ್ಲವೋ ನನಗಂತೂ ಕಾಣಲಿಲ್ಲ.

ಅವರು ಗುಂಡಿ ಒತ್ತಲಿಲ್ಲ.

"ಒತ್ರೀ, ಕೆಂಪು ಹೋಗ್ತಾ ಇದೆ."

"ಹೂಂ."

"ಏನು ಹೂಂ? ಕಣ್ಣಿಗೆ ಕಾಣ್ತಿಲ್ವಾ?"

"ಕಾಣ್ತಿದೆ." ದನಿ ಸಣ್ಣಗಾಗಿತ್ತು. "ಒತ್ತಿದ್ರೆ ಮುಗೀತಲ್ಲೇ. ಆಮೇಲೆ ನಾನು ಏನಕ್ಕೆ ಕಾಯ್ಲಿ?"

ಅಯ್ಯೋ ಅನಿಸಿತು. ಈ ಮನುಷ್ಯನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಕರುಳು ಚುರ್ ಎಂದಿತು. ಒಂದು ಗಳಿಗೆ, ಬಿಡಿ, ಮುಂದಿನ ತಿಂಗಳು ಬರೋಣ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಎದೆಯ ಮೇಲೆ ಕೈ ಇಟ್ಟುಕೊಂಡದ್ದು ಕಂಡಿತು. ಅದು ಅವರಿಗೇ ಗೊತ್ತಿರಲಿಲ್ಲ. ಕೆಂಪು ಪರ್ವತದ ತುದಿಯಲ್ಲಷ್ಟೇ ಉಳಿದಿತ್ತು.

ಅವರ ಕೈಯಿಂದ ವೈರು ಕಿತ್ತುಕೊಂಡು ನಾನೇ ಒತ್ತಿದೆ.

ಫೋಟೋ ಹೇಗೆ ಬಂದಿದೆ ಎಂದು ಅವರು ಕೇಳಲಿಲ್ಲ. ಹತ್ತುವಾಗ ಏದುಸಿರು ಬಿಡುತ್ತಲೇ ನನಗಿಂತ ಮುಂದಿದ್ದವರು, ಇಳಿಯುವಾಗ ನನ್ನ ಭುಜ ಹಿಡಿದು, ಮುದುಕರಾಗಿ ಇಳಿದರು.